ಕಾಲ್‌ನಲ್ಲಿ ಯಾರೂ ಮಾತಾಡಲ್ಲ: ಒಬ್ಬ ಟೀಮ್ ಲೀಡ್ ಪ್ರಕರಣ

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ. ಮೈಸೂರು ವಿಜಯನಗರದ ಕಡೆಯವರು, ಮನೆಯಿಂದಲೇ ಕೆಲಸ, ಹೊಸದಾಗಿ ಟೀಮ್ ಲೀಡ್ ಆಗಿದ್ರು. ನಿದ್ದೆ ಬರಲ್ಲ ಅಂತ ನನ್ನ ಹತ್ರ ಸಲಹೆಗೆ ಬಂದೋರು ಮಾತಾಡ್ತಾ ಮಾತಾಡ್ತಾ, "ಮೇಡಂ, ನನಗೆ ಲೀಡ್ ಮಾಡೋ ಯೋಗ್ಯತೆನೇ ಇಲ್ಲ, ಕಾಲ್‌ನಲ್ಲಿ ಒಬ್ರೂ ಬಾಯಿ ಬಿಡಲ್ಲ, ಗೋಡೆ ಜೊತೆ ಮಾತಾಡ್ದಂಗಾಗುತ್ತೆ" ಅಂತ ಅತ್ತುಬಿಟ್ರು.

ಟೀಮಲ್ಲಿ ಯಾರ್ಯಾರಿದಾರೆ, ಒಂದು ಹಾಳೆ ಮೇಲೆ ಬರೀರಿ ಅಂದೆ. ಮೈಸೂರು ಬೆಂಗಳೂರು ಸೇರಿ 7 ಜನ, ಫಿಲಿಪೈನ್ಸ್‌ನ ಮನಿಲಾದಲ್ಲಿ 2, ಅಮೆರಿಕದ ಡಲ್ಲಾಸ್‌ನಲ್ಲಿ 3. ದಿನಾ ಕಾಲ್ ನಮ್ಮ ರಾತ್ರಿ 8:30ಕ್ಕೆ, ಅತ್ತೆ ತಟ್ಟೆ ಇಟ್ಟು ಕರೀತಿರೋ ಹೊತ್ತಿಗೆ. ಆಗ ಮನಿಲಾದಲ್ಲಿ ಎಷ್ಟು ಗಂಟೆ ಅಂತ ಕೇಳ್ದೆ, ಬೆರಳೆಣಿಸಿ "ಹನ್ನೊಂದು" ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದ್ರು. ಆ ಇಬ್ಬರ ಮೇಲೆನೇ "ಇಂಟರೆಸ್ಟ್ ಇಲ್ಲ, ಕ್ಯಾಮೆರಾ ಆನ್ ಮಾಡಲ್ಲ" ಅಂತ ಇವರಿಗೆ ಜಾಸ್ತಿ ಸಿಟ್ಟಿತ್ತು.

ಗ್ರೂಪ್ ಚಾಟ್ ತೋರಿಸಿದ್ರು. "ಈ ರಿಪೋರ್ಟ್ ಶುಕ್ರವಾರದೊಳಗೆ ಆಗ್ಬೇಕು" ಅಂತ ಇವರ ಮೆಸೇಜು, ಕೆಳಗೆ ಸಾಲಾಗಿ ಹೆಬ್ಬೆರಳು. ಮಾಡೋರು ಯಾರು ಅಂತ ಎಲ್ಲೂ ಇಲ್ಲ. ಕೊನೆಗೆ ಒಂದೇ ಭಾಗನ ಇಬ್ಬರು ಮಾಡಿದ್ರು, ಇನ್ನೊಂದು ಭಾಗ ಹಾಗೇ ಉಳಿದುಹೋಗಿ ರಾತ್ರಿ 1 ಗಂಟೆವರೆಗೂ ಇವರೇ ಕೂತು ಮುಗಿಸಿದ್ರು. ನಿದ್ದೆ ಎಲ್ಲಿಂದ ಬರಬೇಕು ಹೇಳಿ.

ನನಗನಿಸಿದ್ದನ್ನ ನೇರವಾಗೇ ಹೇಳ್ದೆ, ನಿಮ್ಮ ಯೋಗ್ಯತೆ ಚೆನ್ನಾಗೇ ಇದೆ, ಟೀಮ್ ಕಟ್ಟಿರೋ ರೀತಿ ಸರಿ ಇಲ್ಲ ಅಂತ. 12 ಜನ ಅಂದ್ರೆ ಒಬ್ಬರಿಗೊಬ್ಬರು ವಿಷಯ ಮುಟ್ಟಿಸಬೇಕಾದ ಇಬ್ಬಿಬ್ಬರ ಜೋಡಿ 66 ಆಗುತ್ತೆ, 6 ಜನಕ್ಕೆ ಬರೀ 15. ಒಂದೇ ಆಫೀಸಲ್ಲಿದ್ರೆ ಟೀ ಕುಡಿಯೋವಾಗ ಅರ್ಧ ವಿಷಯ ತಾನಾಗೇ ಗೊತ್ತಾಗುತ್ತೆ, ಇಲ್ಲಿ ಬರೆದಿಟ್ಟಿದ್ದಷ್ಟೇ ಎಲ್ಲರಿಗೂ ತಲುಪೋದು. ಅದಕ್ಕೆ ಕೆಲಸ ನೋಡಿ ಎರಡು ಸಣ್ಣ ಗುಂಪು ಮಾಡಿ, ಪ್ರತಿ ಕೆಲಸದ ಮುಂದೆ ಒಂದೇ ಹೆಸರು ಹಾಕಿ, ಕಾಲ್ ಮುಗಿದ ಮೇಲೆ ಏನು ತೀರ್ಮಾನ ಆಯ್ತು ಅಂತ ನಾಲ್ಕು ಸಾಲು ಹಾಕಿ ಅಂದೆ. ಎಲ್ಲರೂ ಸೇರೋ ಕಾಲ್ ವಾರಕ್ಕೊಂದು ಸಾಕು, ಅದೂ ಒಂದು ವಾರ ರಾತ್ರಿ 8:30, ಇನ್ನೊಂದು ವಾರ ಬೆಳಿಗ್ಗೆ 6:30, ಆಗ ಮನಿಲಾದಲ್ಲಿ ಬೆಳಿಗ್ಗೆ 9 ಆಗಿರುತ್ತೆ, ಡಲ್ಲಾಸ್‌ನೋರಿಗೆ ರಾತ್ರಿ ಆಗುತ್ತೆ, ಕಷ್ಟ ಎಲ್ಲರಿಗೂ ಹಂಚಿಹೋಗಲಿ. ಕ್ಯಾಮೆರಾಗೆ ಬಲವಂತ ಬೇಡ.

ಬಾಯಿ ಬಿಡದೇ ಇರೋದಕ್ಕೆ ಹೊತ್ತೊಂದೇ ಕಾರಣ ಅಲ್ಲ. ತಪ್ಪು ಒಪ್ಪಿಕೊಂಡ್ರೆ, ಗೊತ್ತಿಲ್ಲ ಅಂದ್ರೆ ಮರ್ಯಾದೆ ಹೋಗಲ್ಲ ಅನ್ನೋ ಧೈರ್ಯ ಟೀಮಲ್ಲಿ ಇದ್ರೆ ಕಲಿಕೆ ಜಾಸ್ತಿ ಅಂತ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಏಮಿ ಎಡ್ಮಂಡ್‌ಸನ್ 1999ರಲ್ಲೇ ತಮ್ಮ ಅಧ್ಯಯನದಲ್ಲಿ ತೋರಿಸಿದಾರೆ. ನಮ್ಮ ಟೀಮ್ ಲೀಡ್ ಕೆಲಸ ಲೇಟಾದಾಗೆಲ್ಲ ಗ್ರೂಪಲ್ಲೇ "ಯಾಕೆ ಆಗಿಲ್ಲ" ಅಂತ ಕೇಳ್ತಿದ್ರು. ಆ ಪ್ರಶ್ನೆ ಒಬ್ಬೊಬ್ಬರ ಹತ್ರ ಫೋನಲ್ಲಿ ಕೇಳಿ, ಅದೂ "ಎಲ್ಲಿ ಸಿಕ್ಕಾಕೊಂಡಿದೀರಾ" ಅಂತ ಕೇಳಿ ಅಂದೆ. ಮಲಗೋ ಕೋಣೆಯಿಂದ ಲ್ಯಾಪ್‌ಟಾಪ್ ಹೊರಗಿಡಿ, ರಾತ್ರಿ 10ರ ಮೇಲೆ ಚಾಟ್ ಮುಟ್ಟಬೇಡಿ ಅಂತಲೂ ಹೇಳ್ದೆ. ಇದೇ ಅವರಿಗೆ ತುಂಬಾ ಕಷ್ಟ ಆಗಿದ್ದು.

ಮುಂದಿನ ಸಲ ಬಂದಾಗ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಮನಿಲಾದ ಹುಡುಗಿ ಬೆಳಗಿನ ಕಾಲ್‌ನಲ್ಲಿ ತಾನಾಗೇ ಒಂದು ತಪ್ಪು ತೋರಿಸಿ ಸರಿ ಮಾಡಿದ್ಲಂತೆ. ಗುಂಪು ಎರಡು ಮಾಡೋಕೆ ಮಾತ್ರ ಮ್ಯಾನೇಜರ್ ಇನ್ನೂ ಒಪ್ಪಿಲ್ಲ, ಆ ಮೇಲ್ ಹೇಗೆ ಬರೀಬೇಕು ಅಂತ ಈಗ ಇಬ್ಬರೂ ಕೂತು ನೋಡ್ತಿದೀವಿ.