ಪಾವಗಡ ದೊಡ್ಡದೋ, ರಾಯಚೂರು ದೊಡ್ಡದೋ?

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟ್, ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1720 ಮೆಗಾವಾಟ್ ಎಂದು ಓದಿದೆ. ಹಾಗಾದರೆ ರಾಜ್ಯದಲ್ಲಿ ಪಾವಗಡವೇ ದೊಡ್ಡದು ಅಲ್ವಾ? ದೇಶದಲ್ಲಿ ಯಾವುದು?
– ಓದುಗರು, ಶಿರಾ

ಉತ್ತರ: ಸೋಲಾರ್ ಪಾರ್ಕ್‌ಗಳನ್ನು ಬಿಟ್ಟರೆ ದೇಶದಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯ ವಿಂಧ್ಯಾಚಲ ಸ್ಥಾವರವೇ ದೊಡ್ಡದು. ಕೇಂದ್ರ ಸರ್ಕಾರಿ ಕಂಪನಿ ಎನ್‌ಟಿಪಿಸಿಯದ್ದು, 4760 ಮೆಗಾವಾಟ್. ಕಲ್ಲಿದ್ದಲು ಗಣಿ ಪಕ್ಕದಲ್ಲೇ, ನೀರಿಗೆ ರಿಹಂದ್ ಜಲಾಶಯ. ಅದಕ್ಕೇ ಅಲ್ಲಿ 13 ಘಟಕ ಕೂರಿಸಲು ಆಯಿತು.

ನಮ್ಮಲ್ಲಿ ಪಾವಗಡಕ್ಕಿಂತ ಮೇಲೆ ಇನ್ನೊಂದಿದೆ: ವಿಜಯಪುರ ಜಿಲ್ಲೆಯ ಕೂಡಗಿ ಕಲ್ಲಿದ್ದಲು ಸ್ಥಾವರ, 2400 ಮೆಗಾವಾಟ್. ಪಾವಗಡ ಒಂದೇ ಸ್ಥಾವರವೂ ಅಲ್ಲ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹಲವು ಕಂಪನಿಗಳು ಪ್ಯಾನೆಲ್ ಹಾಕಿವೆ.

ಆದರೆ ಬರೀ ಮೆಗಾವಾಟ್ ನೋಡಿ ಅಳೆಯಬೇಡಿ. ಅದು ಯಂತ್ರದ ತಾಕತ್ತು ಅಷ್ಟೆ. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವುದು ಯೂನಿಟ್. ಒಂದು ಮೆಗಾವಾಟ್ ಒಂದು ಗಂಟೆ ಓಡಿದರೆ 1000 ಯೂನಿಟ್. ಆರ್‌ಟಿಪಿಎಸ್‌ನ ಎಂಟೂ ಘಟಕ ಹಗಲೂ ರಾತ್ರಿ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 4.1 ಕೋಟಿ ಯೂನಿಟ್. ಸೋಲಾರ್ ಹಾಗಲ್ಲ. ಬೆಳಿಗ್ಗೆ ನಿಧಾನಕ್ಕೆ ಏರುತ್ತದೆ, ನಡುಮಧ್ಯಾಹ್ನ ಜೋರು, ಮೋಡ ಬಂದರೆ ಇಳಿತ, ಹೊತ್ತು ಮುಳುಗಿದರೆ ಸೊನ್ನೆ. ದಿನವಿಡೀ ಲೆಕ್ಕ ಹಾಕಿದರೆ ತಾಕತ್ತಿನ ಐದನೇ ಒಂದು ಪಾಲು ಸಿಗಬಹುದು. ಅಂದರೆ ಪಾವಗಡದಿಂದ ಹತ್ತಿರ ಹತ್ತಿರ 1 ಕೋಟಿ ಯೂನಿಟ್.

ಇನ್ನು ಶರಾವತಿ ಜಲವಿದ್ಯುತ್ ಸ್ಥಾವರವನ್ನು ನೋಡಿ. ಬರೀ 1035 ಮೆಗಾವಾಟ್. ಆದರೆ ನನ್ನ ಲೆಕ್ಕದಲ್ಲಿ ರಾಜ್ಯದ ಆಸ್ತಿ ಅಂದರೆ ಅದೇ. ಸಂಜೆ ಏಳಕ್ಕೆ ಮನೆಮನೆಯಲ್ಲಿ ದೀಪ, ಟೀವಿ, ಮಿಕ್ಸಿ ಒಟ್ಟಿಗೆ ಶುರುವಾಗುತ್ತವೆ. ಆಗ ಪಾವಗಡ ಮಲಗಿರುತ್ತದೆ. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಾಗಿದ್ದರೆ ಮತ್ತೆ ಕಾಯಿಸಿ ಹಬೆ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಶರಾವತಿಯಲ್ಲಿ ಟರ್ಬೈನಿಗೆ ನೀರು ಬಿಟ್ಟರೆ ಸಾಕು, ಕೆಲವೇ ನಿಮಿಷದಲ್ಲಿ ಕರೆಂಟು. ಬೇಡ ಅನ್ನಿಸಿದರೆ ಅಷ್ಟೇ ಬೇಗ ನಿಲ್ಲಿಸಬಹುದು.

ಹಾಗಂತ ಪಾವಗಡವನ್ನು ಕಡೆಗಣಿಸಬೇಡಿ. ಮಳೆ ಕೈಕೊಟ್ಟು ಶರಾವತಿಗೆ ನೀರು ಕೊಡುವ ಲಿಂಗನಮಕ್ಕಿ ಜಲಾಶಯ ಪೂರ್ತಿ ಮಟ್ಟವಾದ 1819 ಅಡಿ ಮುಟ್ಟದ ವರ್ಷ, ಬೇಸಿಗೆಯ ಸಂಜೆಗೆ ಅಂತ ನೀರು ಉಳಿಸಬೇಕಾಗುತ್ತದೆ. ಆಗ ಹಗಲಿನ ಭಾರ ಹೊರಲು ಪಾವಗಡದ ಬಿಸಿಲೇ ಬೇಕು.