ಅಪ್ಪನಿಗೆ 74, ಆಯುಷ್ಮಾನ್ ವಯ ವಂದನಾ ಕಾರ್ಡ್ (70 ತುಂಬಿದವರಿಗೆ ಸರ್ಕಾರದ ಉಚಿತ ಆಸ್ಪತ್ರೆ ಚಿಕಿತ್ಸೆಯ ಕಾರ್ಡ್) ಬಂದಿದೆ. ಖಾಸಗಿ ಪಾಲಿಸಿ ನಿಲ್ಲಿಸಬಹುದೇ?

ಕಂತು ಎಷ್ಟೇ ಭಾರವಾಗಿದ್ದರೂ ಈಗಲೇ ನಿಲ್ಲಿಸಬೇಡಿ ಅನ್ನುತ್ತೇನೆ. ಒಮ್ಮೆ ಬಿಟ್ಟ ಪಾಲಿಸಿ ಈ ವಯಸ್ಸಿನಲ್ಲಿ ಮತ್ತೆ ಸಿಗುವುದು ಕಷ್ಟ. ಸಿಕ್ಕರೂ ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸಬಹುದು. ಕಾರ್ಡ್ ಮತ್ತು ಖಾಸಗಿ ಪಾಲಿಸಿ ಎರಡನ್ನೂ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ), ಇಸಿಎಚ್‌ಎಸ್ (ಮಾಜಿ ಸೈನಿಕರ ಯೋಜನೆ) ಮುಂತಾದ ಸರ್ಕಾರಿ ಯೋಜನೆ ಇದ್ದವರು ಮಾತ್ರ ಆ ಯೋಜನೆ ಇಲ್ಲವೇ ಈ ಕಾರ್ಡ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಕಾರ್ಡ್‌ನಲ್ಲಿ ಚಿಕಿತ್ಸೆಗೆ ಸಿಗುವ 5 ಲಕ್ಷ ರೂಪಾಯಿ ತಲೆಗೆ ಇಷ್ಟು ಅಂತಲ್ಲ, ಕುಟುಂಬಕ್ಕೆ ವರ್ಷಕ್ಕೆ ಅಷ್ಟು. ಅಮ್ಮನಿಗೂ 70 ತುಂಬಿದ್ದರೆ ಇಬ್ಬರಿಗೂ ಸೇರಿ ಅದೇ 5 ಲಕ್ಷ.

ದೊಡ್ಡ ತೂತು ಬೇರೆ ಕಡೆ ಇದೆ. ಯೋಜನೆ ಹಣ ಕೊಡುವುದು ದಾಖಲಾದ ಚಿಕಿತ್ಸೆಗೆ, ಜೊತೆಗೆ ದಾಖಲಾತಿಗೆ ಹಿಂದಿನ 3 ದಿನ, ಬಿಡುಗಡೆಯ ನಂತರದ 15 ದಿನಕ್ಕೆ. ಸೊಂಟದ ಮೂಳೆ ಮುರಿದರೆ ಆಪರೇಷನ್ ಆಗುತ್ತದೆ. ಆದರೆ 16ನೇ ದಿನದಿಂದ ಫಿಸಿಯೋಥೆರಪಿ, ವಾಕರ್, ಡೈಪರ್, ಮನೆಗೆ ಬರುವ ನರ್ಸ್ ಎಲ್ಲವೂ ನಿಮ್ಮ ಜೇಬಿನಿಂದ. ಬಿಪಿ, ಶುಗರ್ ಮಾತ್ರೆ, ಹೊರರೋಗಿ ತಪಾಸಣೆ, ರಕ್ತಪರೀಕ್ಷೆ ಅಂತೂ ಲೆಕ್ಕಕ್ಕೇ ಬರುವುದಿಲ್ಲ. ವಯಸ್ಸಾದವರ ದುಡ್ಡು ತಿಂಗಳು ತಿಂಗಳು ಕರಗುವುದೇ ಇಲ್ಲಿ. ನಿಜ ಹೇಳಬೇಕೆಂದರೆ ಹೆಚ್ಚಿನ ಖಾಸಗಿ ಪಾಲಿಸಿಗಳೂ ಈ ತಿಂಗಳ ಮಾತ್ರೆ, ತಪಾಸಣೆಯ ಖರ್ಚು ಕೊಡುವುದಿಲ್ಲ. ಮಾತ್ರೆಗಳಿಗೆ ಜನೌಷಧಿ ಕೇಂದ್ರವೇ ಗತಿ.

ಮತ್ತೆ ಖಾಸಗಿ ಪಾಲಿಸಿ ಯಾಕೆ? ಆಸ್ಪತ್ರೆಯ ಆಯ್ಕೆಗೆ. ಸರ್ಕಾರ ಪ್ರತಿ ಚಿಕಿತ್ಸೆಗೂ ಪ್ಯಾಕೇಜ್ ದರ ಕಟ್ಟಿದೆ. ಅದು ತಮ್ಮ ಖರ್ಚಿಗೆ ಸಾಲದು ಅನ್ನುವ ಆಸ್ಪತ್ರೆಗಳು ಯೋಜನೆಯ ಪಟ್ಟಿಗೇ ಸೇರುವುದಿಲ್ಲ, ಸೇರಿದರೂ ಕೆಲವೇ ವಿಭಾಗಗಳಿಗೆ ಸೇರುತ್ತವೆ. ಈ ಕಾರ್ಡ್ ಸೇರಿರುವ ಆಯುಷ್ಮಾನ್ ಭಾರತ್ ಯೋಜನೆ ಕರ್ನಾಟಕದಲ್ಲಿ ರಾಜ್ಯದ 'ಆರೋಗ್ಯ ಕರ್ನಾಟಕ' ಯೋಜನೆಯ ಜೊತೆ ಬೆಸೆದುಕೊಂಡಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ.

ಕಂತು ಇಳಿಸಲು 5 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್ ಪಾಲಿಸಿಗೆ (ಮೊದಲ 5 ಲಕ್ಷ ಬಿಟ್ಟು ಅದರ ಮೇಲಿನ ಖರ್ಚನ್ನಷ್ಟೇ ಕೊಡುವ ಪಾಲಿಸಿ) ಬದಲಾಯಿಸಿಕೊಳ್ಳಿ ಅಂತ ಏಜೆಂಟರು ಹೇಳಬಹುದು. ಎಚ್ಚರ: ಕಾರ್ಡ್ ನಡೆಯದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆ ಮೊದಲ 5 ಲಕ್ಷವನ್ನು ನೀವೇ ತುಂಬಬೇಕು. ಅದಕ್ಕಿಂತ ಈಗಿನ ಪಾಲಿಸಿಯಲ್ಲೇ ವಿಮಾ ಮೊತ್ತ ಇಳಿಸಿ, ಇಲ್ಲವೇ ಕೋ-ಪೇ (ಬಿಲ್ಲಿನ ಒಂದು ಪಾಲು ನೀವೇ ಕೊಡುವುದು) ಒಪ್ಪಿಕೊಳ್ಳಿ. ನವೀಕರಣದ ದಿನಾಂಕ ಮಾತ್ರ ತಪ್ಪಿಸಬೇಡಿ.

ದಾಖಲಾಗುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ಸಹಾಯಕರು) ಹತ್ತಿರ ಕೇಳಿ: ಈ ವಿಭಾಗ ಪಟ್ಟಿಯಲ್ಲಿದೆಯೇ, ಪೂರ್ವಾನುಮತಿ ಬಂದಿದೆಯೇ, ಇಂಪ್ಲಾಂಟ್ ಪ್ಯಾಕೇಜ್‌ನಲ್ಲೇ ಸೇರಿದೆಯೇ? ಪ್ಯಾಕೇಜ್‌ಗೆ ಸೇರಿದ ಔಷಧಿ, ಪರೀಕ್ಷೆಗೆ ಬೇರೆ ದುಡ್ಡು ಕೇಳಿದರೆ ರಸೀದಿ ಇಟ್ಟುಕೊಂಡು ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ.