ಓದುಗರ ಪ್ರಶ್ನೆ: ಜಾಲತಾಣದಿಂದ ಹೊರಟ ಇಮೇಲ್ ಎಲ್ಲಿ ನಿಂತಿತು?

ಪ್ರಶ್ನೆ: ನಮ್ಮ ಆಲೆಮನೆಯ ಅಚ್ಚು ಬೆಲ್ಲವನ್ನು ನೇರವಾಗಿ ಮಾರಲೆಂದು ನನ್ನ ಮಗ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಜಾಲತಾಣ ಮಾಡಿಕೊಟ್ಟಿದ್ದಾನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದಾಗ ಆರ್ಡರ್ ಕೊಟ್ಟ ಕೂಡಲೇ ಇಮೇಲ್ ಬರುತ್ತಿತ್ತು. ಕ್ಲೌಡ್ ಸರ್ವರಿಗೆ ಹಾಕಿದ ಮೇಲೆ, ಆರ್ಡರ್ ಗುಂಡಿ ಒತ್ತಿದರೆ ಪುಟವು ಸುಮಾರು ಒಂದು ನಿಮಿಷ ಸುತ್ತುತ್ತಲೇ ಇದ್ದು 504 ಎಂಬ ದೋಷ ತೋರಿಸುತ್ತದೆ. ಗ್ರಾಹಕರು ಮತ್ತೆ ಒತ್ತುತ್ತಾರೆ. ಹೀಗೆ ಒಬ್ಬರಿಗೆ 10 ಕಿಲೋ ಬೆಲ್ಲ ಎರಡು ಸಲ ಹೋಗಿಬಿಟ್ಟಿತು. ಇಮೇಲ್ ಮಾತ್ರ ಒಂದೂ ಹೋಗಿಲ್ಲ. ಮಗ ಈಗ ಪುಣೆಯಲ್ಲಿದ್ದಾನೆ. ಅವನಿಗೆ ಏನನ್ನು ನೋಡಲು ಹೇಳಲಿ?
— ಓದುಗರೊಬ್ಬರು, ಮಂಡ್ಯ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೋಷಗಳಿವೆ. ಇಮೇಲ್ ಹೋಗದಿರುವುದು ಒಂದು. ಇಮೇಲ್ ಹೋಗದಿದ್ದರೆ ಆರ್ಡರೇ ಸಿಕ್ಕಿಕೊಳ್ಳುವುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು, ಆದರೆ ಮೊದಲನೆಯದನ್ನು ಬಗೆಹರಿಸದೆ ಅದು ಅರ್ಥವಾಗುವುದಿಲ್ಲ.

ನೀವು ಹೇಳಿದ ಆ ಒಂದು ನಿಮಿಷವೇ ನಮಗೆ ದಾರಿ ತೋರಿಸುತ್ತದೆ. ಜಾಲತಾಣದ ಮುಂಬಾಗಿಲಲ್ಲಿ ನಿಲ್ಲುವ ಎಂಜಿನ್‌ಎಕ್ಸ್ ತಂತ್ರಾಂಶವು ಹಿಂದಿರುವ ಪಿಎಚ್‌ಪಿಯಿಂದ ಉತ್ತರ ಬಾರದಿದ್ದರೆ, ನಾವು ಬೇರೆ ಹೇಳದ ಹೊರತು, 60 ಸೆಕೆಂಡು ಕಾದು 504 ಎಂದು ಹೇಳಿಬಿಡುತ್ತದೆ. ಪಿಎಚ್‌ಪಿಯಿಂದ ಇಮೇಲ್ ಕಳುಹಿಸಲು ಅನೇಕರು ಬಳಸುವ ಪಿಎಚ್‌ಪಿಮೇಲರ್ ಮಾತ್ರ 300 ಸೆಕೆಂಡು ಕಾಯುತ್ತದೆ, ಮತ್ತು ಪೋರ್ಟ್ (ಸಂಪರ್ಕಕ್ಕೆ ಬಳಸುವ ಸಂಖ್ಯೆಯ ಬಾಗಿಲು) ಯಾವುದೆಂದು ಹೇಳದಿದ್ದರೆ 25ನ್ನೇ ಹಿಡಿಯುತ್ತದೆ. ಪಿಎಚ್‌ಪಿ ಪ್ರೋಗ್ರಾಮು ಓಡಲು 30 ಸೆಕೆಂಡಿನ ಮಿತಿ ಇದೆಯಲ್ಲ ಎಂದು ನಿಮ್ಮ ಮಗ ಕೇಳಬಹುದು. ಲಿನಕ್ಸ್ ಸರ್ವರುಗಳಲ್ಲಿ ನೆಟ್‌ವರ್ಕಿಗಾಗಿ ಕಾಯುವ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ನಿಮ್ಮ ಸರ್ವರು 25ನೇ ಪೋರ್ಟಿನ ಮೂಲಕ ಹೊರಹೋಗಲು ಯತ್ನಿಸಿ, ಯಾರಿಂದಲೂ ಉತ್ತರ ಬಾರದೆ ನಿಂತಿರುವ ಸಾಧ್ಯತೆಯೇ ಹೆಚ್ಚು. ಸ್ಪ್ಯಾಮ್ ಹಾವಳಿಯನ್ನು ತಡೆಯಲು ಅಮೆಜಾನ್, ಗೂಗಲ್ ಮುಂತಾದವರ ಕ್ಲೌಡ್ ಸರ್ವರುಗಳಲ್ಲಿ ಹೊರಹೋಗುವ 25ನೇ ಪೋರ್ಟನ್ನು ಮೊದಲಿನಿಂದಲೇ ಮುಚ್ಚಿರುತ್ತಾರೆ. ನಿಮ್ಮ ಮನೆಯ ಇಂಟರ್ನೆಟ್ ಸಂಪರ್ಕದಲ್ಲಿ ಅದು ತೆರೆದಿದ್ದಿರಬೇಕು. ಲ್ಯಾಪ್‌ಟಾಪಿನಿಂದ ಇಮೇಲ್ ಹೋದದ್ದು ಅದರಿಂದಲೇ.

ಸರ್ವರು ನಡೆದದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದಿದೆಯೋ ‘ಕನೆಕ್ಷನ್ ರೆಫ್ಯೂಸ್ಡ್’ ಎಂದಿದೆಯೋ ಎಂಬುದನ್ನು ಮಗ ಮೊದಲು ನೋಡಲಿ, ಏಕೆಂದರೆ ಎರಡರ ಅರ್ಥ ಬೇರೆ ಬೇರೆ. ಮೊದಲನೆಯದರಲ್ಲಿ ನಡುವಿನ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ನಮ್ಮ ಕರೆಯನ್ನು ಸದ್ದಿಲ್ಲದೆ ನುಂಗಿರುತ್ತದೆ. ಎರಡನೆಯದರಲ್ಲಿ ಯಂತ್ರದವರೆಗೆ ತಲುಪಿದ್ದೇವೆ, ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದರ್ಥ. ಪರಿಹಾರವೆಂದರೆ 587ನೇ ಪೋರ್ಟನ್ನು ಸ್ಟಾರ್ಟ್‌ಟಿಎಲ್‌ಎಸ್‌ನೊಂದಿಗೆ (ಸಾದಾ ಮಾತಿನಿಂದ ಆರಂಭಿಸಿ ಆಮೇಲೆ ಗೂಢಲಿಪಿಗೆ ಬದಲಾಗುವ ಕ್ರಮ), ಇಲ್ಲವೇ 465ನ್ನು ಆರಂಭದಿಂದಲೇ ಟಿಎಲ್‌ಎಸ್ ಗೂಢಲಿಪಿಯೊಂದಿಗೆ ಬಳಸುವುದು. ಇವೆರಡನ್ನು ಅದಲುಬದಲು ಮಾಡುವ ತಪ್ಪು ಬಹಳ ಕಾಣಸಿಗುತ್ತದೆ. 465ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಎಂದು ಬರೆದರೆ, ಮೊದಲು ನೀವು ಮಾತನಾಡಿ ಎಂದು ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಯುತ್ತ ಕುಳಿತುಬಿಡುತ್ತಾರೆ. 587ರಲ್ಲಿ ನೇರವಾಗಿ ಟಿಎಲ್‌ಎಸ್ ಆರಂಭಿಸಿದರೆ ‘ರಾಂಗ್ ವರ್ಷನ್ ನಂಬರ್’ ಎಂಬ ದಾರಿ ತಪ್ಪಿಸುವ ದೋಷ ಬರುತ್ತದೆ, ಮತ್ತು ಓದಿದವರು ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ಆವೃತ್ತಿಯನ್ನು ಬದಲಿಸಲು ಹೊರಡುತ್ತಾರೆ.

ಇಮೇಲ್ ಸಾಗಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು; ಪಿಎಚ್‌ಪಿಮೇಲರಿನಲ್ಲಿ ಎಸ್‌ಎಂಟಿಪಿ ಡಿಬಗ್ ಎಂಬ ಆಯ್ಕೆಯನ್ನು 2ಕ್ಕೆ ಇಟ್ಟು, ಅದು ಹೇಳುವುದನ್ನು ಪುಟದ ಮೇಲೆ ತೋರಿಸದೆ ಲಾಗ್ ಕಡತಕ್ಕೆ ಬರೆಯುವಂತೆ ಮಾಡಿದರೆ, ಎರಡು ಯಂತ್ರಗಳ ಸಂಭಾಷಣೆ ಸಾಲು ಸಾಲಾಗಿ ಸಿಗುತ್ತದೆ. ದೂರದ ಸರ್ವರು 220 ಎಂದು ಸ್ವಾಗತಿಸುತ್ತದೆ. ನಮ್ಮದು ಇಎಚ್‌ಎಲ್‌ಒ ಎಂದು ತನ್ನ ಹೆಸರು ಹೇಳುತ್ತದೆ. 250 ಎಂಬ ಸಾಲುಗಳಲ್ಲಿ ಅದು ತನಗೆ ಏನೇನು ಬರುತ್ತದೆಂದು ತಿಳಿಸುತ್ತದೆ. ಪಾಸ್‌ವರ್ಡ್ ಒಪ್ಪಿಗೆಯಾದರೆ 235. ಕಳುಹಿಸುವವರ ವಿಳಾಸಕ್ಕೊಂದು 250, ಪಡೆಯುವವರ ವಿಳಾಸಕ್ಕೊಂದು 250. ಆಮೇಲೆ 354, ಅಂದರೆ ಒಕ್ಕಣೆಯನ್ನು ಕೊಡಿ ಎಂದು. ಒಕ್ಕಣೆ ಮುಗಿದು, ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕೆಯನ್ನು ಕಳುಹಿಸಿದ ಮೇಲೆ ಬರುವ ಕೊನೆಯ 250ರ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಆರ್ಡರಿನ ಜೊತೆಗೇ ಉಳಿಸಿಡಿ; ಮುಂದೆ ಇಮೇಲ್ ಬಂದಿಲ್ಲವೆಂದು ಯಾರಾದರೂ ದೂರಿದರೆ, ಸೇವೆ ಕೊಡುವವರ ಬಳಿ ವಿಚಾರಿಸಲು ಅದೇ ರಸೀದಿ. 1982ರಲ್ಲಿ ಎಸ್‌ಎಂಟಿಪಿ ನಿಯಮಗಳನ್ನು ಬರೆದ ದಿನದಿಂದಲೂ ಈ ಸಂಭಾಷಣೆಯ ಮೂಲಕ್ರಮ ಬದಲಾಗಿಲ್ಲ. ಆದ್ದರಿಂದ ಇಮೇಲ್ ಹೋಗಲಿಲ್ಲ ಎಂಬ ಮಾತಿನಲ್ಲಿ ತೃಪ್ತರಾಗದೆ, ಈ ಸಾಲುಗಳಲ್ಲಿ ಯಾವುದರ ಬಳಿ ನಿಂತಿತು ಎಂದು ಕೇಳಬೇಕು. ಉತ್ತರ ಬಹುಪಾಲು ಅಲ್ಲಿಯೇ ಇರುತ್ತದೆ.

ಇನ್ನು ಎರಡನೆಯ ದೋಷ. ಆರ್ಡರನ್ನು ಡೇಟಾಬೇಸಿಗೆ ಬರೆದ ತಕ್ಷಣ ಗ್ರಾಹಕರಿಗೆ ಆರ್ಡರ್ ಸಂಖ್ಯೆ ತೋರಿಸಿಬಿಡಬೇಕು. ಇಮೇಲ್ ಕಳುಹಿಸುವ ಕೆಲಸವನ್ನು ಒಂದು ಸರದಿಯಲ್ಲಿ ಇಟ್ಟು, ಹಿನ್ನೆಲೆಯಲ್ಲಿ ನಡೆಯುವ ಬೇರೊಂದು ಪ್ರೋಗ್ರಾಮಿಗೆ ವಹಿಸಬೇಕು. ಅದರ ಜೊತೆಗೆ, ಆರ್ಡರ್ ಪುಟ ತೆರೆದಾಗಲೇ ಅದಕ್ಕೊಂದು ಗುಪ್ತ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹೊಸ ಆರ್ಡರ್ ಮಾಡದಂತೆ ತಡೆದರೆ, ಗುಂಡಿಯನ್ನು ಹತ್ತು ಸಲ ಒತ್ತಿದರೂ ಬೆಲ್ಲ ಒಂದೇ ಸಲ ಹೋಗುತ್ತದೆ.

ಪ್ರಶ್ನೆ: ಮೈಸೂರಿನ ಜಯಲಕ್ಷ್ಮೀಪುರಂನಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ನಮ್ಮ ಜಾಲತಾಣದಲ್ಲಿ ವಿಚಾರಣೆಯ ನಮೂನೆ ತುಂಬಿದವರ ಸಂದೇಶ ನಮ್ಮ ಜಿಮೇಲಿಗೆ ಬರಬೇಕು. ಜಿಮೇಲ್ ವಿಳಾಸ ಇರುವವರ ವಿಚಾರಣೆಗಳು ಸ್ಪ್ಯಾಮ್ ಪೆಟ್ಟಿಗೆಯಲ್ಲಾದರೂ ಸಿಗುತ್ತವೆ; ಯಾಹೂ ವಿಳಾಸದವರದು ಒಂದೂ ಬಂದಿಲ್ಲ. ದಸರಾ ಸಮಯಕ್ಕೆ ಮೂರು ಕೋಣೆ ಕೇಳಿ ಬರೆದಿದ್ದ ಕುಟುಂಬವೊಂದು ಬೇಸರದಿಂದ ಫೋನ್ ಮಾಡಿದಾಗಲೇ ನಮಗೆ ಇದು ತಿಳಿದದ್ದು. ಇಮೇಲ್ ಯಶಸ್ವಿಯಾಗಿ ಹೋಗಿದೆ ಎಂದೇ ಜಾಲತಾಣ ತೋರಿಸುತ್ತಿದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಯಾಹೂ ವಿಳಾಸದವರದು ಮಾತ್ರ ಬರುವುದಿಲ್ಲ ಎಂದು ನೀವು ಗಮನಿಸಿ ಬರೆದದ್ದು ಅರ್ಧ ಕೆಲಸವನ್ನು ಮುಗಿಸಿದೆ. ನಮೂನೆ ತುಂಬಿದವರ ವಿಳಾಸವನ್ನೇ ನಿಮ್ಮ ಜಾಲತಾಣವು ‘ಫ್ರಮ್’ ಜಾಗದಲ್ಲಿ ಹಾಕುತ್ತಿದೆ ಎಂಬುದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಬಂದ ಇಮೇಲಿಗೆ ನೇರವಾಗಿ ಉತ್ತರಿಸಲು ಅನುಕೂಲವಾಗಲಿ ಎಂಬ ಸದುದ್ದೇಶದಿಂದಲೇ ಹಾಗೆ ಮಾಡಿರುತ್ತಾರೆ. ಆದರೆ ಸ್ವೀಕರಿಸುವವರ ಕಡೆಯಿಂದ ನೋಡಿದರೆ, ಯಾಹೂಗೆ ಸಂಬಂಧವೇ ಇಲ್ಲದ ಒಂದು ಸರ್ವರು ಯಾಹೂ ಗ್ರಾಹಕರ ಹೆಸರಿನಲ್ಲಿ ಬರೆಯುತ್ತಿದೆ. ತನ್ನ ಹೆಸರಿನಲ್ಲಿ ಹಾಗೆ ಬಂದದ್ದನ್ನು ತಿರಸ್ಕರಿಸಿ ಎಂದು ಯಾಹೂ 2014ರ ಏಪ್ರಿಲ್‌ನಿಂದಲೇ ಡಿಮಾರ್ಕ್ ಎಂಬ ದಾಖಲೆಯ ಮೂಲಕ ಜಗತ್ತಿಗೆ ತಿಳಿಸಿದೆ. ಜಿಮೇಲ್ ತನ್ನ ಸಾಮಾನ್ಯ ವಿಳಾಸಗಳಿಗೆ ಅಷ್ಟು ಕಟ್ಟುನಿಟ್ಟಿನ ಸೂಚನೆ ಕೊಟ್ಟಿಲ್ಲವಾದ್ದರಿಂದ ಅವು ಸ್ಪ್ಯಾಮಿನವರೆಗಾದರೂ ಬರುತ್ತಿವೆ.

ಹಾಗಾದರೆ ಜಾಲತಾಣವು ಯಶಸ್ವಿ ಎಂದು ಹೇಳುವುದೇಕೆ? ಪಿಎಚ್‌ಪಿಯ ಮೇಲ್ ಫಂಕ್ಷನ್ ಕೊಡುವ ‘ಟ್ರೂ’ ಎಂಬ ಉತ್ತರಕ್ಕೆ, ಅದೇ ಸರ್ವರಿನಲ್ಲಿರುವ ಇಮೇಲ್ ತಂತ್ರಾಂಶವು ಸಂದೇಶವನ್ನು ಕೈಗೆ ತೆಗೆದುಕೊಂಡಿತು ಎಂಬಷ್ಟೇ ಅರ್ಥ. ಅಂಚೆ ಪೆಟ್ಟಿಗೆಗೆ ಕಾಗದ ಬಿದ್ದ ಸದ್ದು ಅದು. ತಿರಸ್ಕಾರ ನಡೆಯುವುದು ಆಮೇಲೆ, ಮತ್ತು ಹಿಂತಿರುಗಿದ ಪತ್ರ ಹೋಗುವುದು ‘ಫ್ರಮ್’ ವಿಳಾಸಕ್ಕಲ್ಲ. ಇಮೇಲಿನಲ್ಲಿ ಲಕೋಟೆಯ ಮೇಲಿನ ವಿಳಾಸ ಬೇರೆ, ಒಳಗಿನ ಕಾಗದದ ತಲೆಯಲ್ಲಿ ಬರೆದ ವಿಳಾಸ ಬೇರೆ. ವಾಪಸು ಬರುವುದು ಲಕೋಟೆಯ ವಿಳಾಸಕ್ಕೆ. ಮೇಲ್ ಫಂಕ್ಷನ್ ಬಳಸುವವರು ಅದನ್ನು ಪ್ರತ್ಯೇಕವಾಗಿ ಹೇಳದಿದ್ದರೆ, ಲಕೋಟೆಯ ಮೇಲೆ ವೆಬ್ ಸರ್ವರಿನ ಬಳಕೆದಾರನ ಹೆಸರು ಬೀಳುತ್ತದೆ, ಮತ್ತು ಆ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಯಾರೂ ತೆರೆದು ನೋಡುವುದಿಲ್ಲ. ನಿಮ್ಮ ದಸರಾ ವಿಚಾರಣೆಗಳು ವಾಪಸಾಗಿ ಅಲ್ಲಿಯೇ ಬಿದ್ದಿರಬಹುದು, ಒಮ್ಮೆ ತೆಗೆದು ನೋಡಿಸಿ. ಸರ್ವರಿನ ಮೇಲ್ ಲಾಗ್‌ನಲ್ಲಿ 550 ಮತ್ತು 5.7.26 ಎಂಬ ತಿರಸ್ಕಾರದ ಅಂಕಿಗಳಿರುವ ಸಾಲು ಸಿಕ್ಕರೆ ನನ್ನ ಊಹೆ ಸರಿ.

ತಿದ್ದುವುದು ಕಷ್ಟವಿಲ್ಲ. ‘ಫ್ರಮ್’ನಲ್ಲಿ ಯಾವಾಗಲೂ ನಿಮ್ಮದೇ ಡೊಮೈನಿನ (ಜಾಲತಾಣದ ಹೆಸರಿನ) ವಿಳಾಸವಿರಲಿ, ನಮೂನೆ ತುಂಬಿದವರ ವಿಳಾಸವನ್ನು ‘ರಿಪ್ಲೈ-ಟು’ ಜಾಗಕ್ಕೆ ಹಾಕಿಸಿ. ಉತ್ತರಿಸುವ ಅನುಕೂಲ ಹಾಗೆಯೇ ಉಳಿಯುತ್ತದೆ. ಆದರೆ ಆ ವಿಳಾಸವನ್ನು ಪರಿಶೀಲಿಸದೆ ಸೇರಿಸಬಾರದು. ಅದರೊಳಗೆ ಹೊಸ ಸಾಲಿನ ಅಕ್ಷರವನ್ನು ತುರುಕಿ, ನಿಮ್ಮ ನಮೂನೆಯ ಮೂಲಕವೇ ಊರಿಗೆಲ್ಲ ಸ್ಪ್ಯಾಮ್ ಹಂಚುವವರಿದ್ದಾರೆ.

ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದನ್ನು ತಪ್ಪಿಸಲು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್ ಹೆಸರುಗಳ ಸಾರ್ವಜನಿಕ ವಿಳಾಸಪಟ್ಟಿಯಲ್ಲಿ, ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳು ಸರಿಯಿರಬೇಕು. ನನ್ನ ಡೊಮೈನಿನ ಪರವಾಗಿ ಯಾವ ಸರ್ವರುಗಳು ಕಳುಹಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಪ್ರತಿ ಇಮೇಲಿಗೂ ಹಾಕುವ ಗಣಿತದ ಸಹಿ ಡಿಕಿಮ್. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕೆಂಬುದನ್ನು ಮರೆತು, ಹೊಸ ಸೇವೆ ಸೇರಿಸಿದಾಗಲೆಲ್ಲ ಇನ್ನೊಂದು ಸಾಲು ಬರೆದು ಎರಡನ್ನೂ ನಿರರ್ಥಕ ಮಾಡಿರುವ ಡೊಮೈನುಗಳನ್ನು ನಾನು ಬಹಳ ಕಂಡಿದ್ದೇನೆ. ಆ ಒಂದು ದಾಖಲೆಯೊಳಗೂ ಡಿಎನ್‌ಎಸ್ ಹುಡುಕಾಟಗಳು 10ನ್ನು ಮೀರಬಾರದು. 2024ರ ಫೆಬ್ರುವರಿಯಿಂದ ಜಿಮೇಲ್, ತನಗೆ ಕಳುಹಿಸುವ ಎಲ್ಲರಿಗೂ ಎಸ್‌ಪಿಎಫ್, ಡಿಕಿಮ್ ಇವೆರಡರಲ್ಲಿ ಒಂದನ್ನಾದರೂ ಕಡ್ಡಾಯ ಮಾಡಿದೆ. ದಿನಕ್ಕೆ 5000ಕ್ಕೂ ಹೆಚ್ಚು ಕಳುಹಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಬೇಕು. ಬದಲಾವಣೆ ಮಾಡಿದ ಮೇಲೆ ಬಂದ ಒಂದು ಇಮೇಲನ್ನು ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕೆಗಳ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಒತ್ತಿದರೆ, ಪ್ರತಿಯೊಂದರ ಮುಂದೆ ಪಾಸ್ ಅಥವಾ ಫೇಲ್ ಎಂದು ಕಾಣುತ್ತದೆ.

ಪ್ರತಿ ವಿಚಾರಣೆಯನ್ನೂ ಡೇಟಾಬೇಸಿನಲ್ಲಿ ಉಳಿಸಿಡುವಂತೆ ಮಾಡಿಸಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಹಾಗೆ ಮಾಡಿದ್ದರೆ ಆ ಕುಟುಂಬದ ಪತ್ರ ನಿಮ್ಮ ಕಣ್ಣಿಗೆ ಬೀಳುತ್ತಿತ್ತು.

ಪ್ರಶ್ನೆ: ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಹಳೆಯ ವಿದ್ಯಾರ್ಥಿಯೊಬ್ಬರ ಪ್ರಾಜೆಕ್ಟಿನ ಕೋಡ್ ಬಳಸಿ ಜಿಮೇಲ್ ಮೂಲಕ ಇಮೇಲ್ ಕಳುಹಿಸಲು ಹೋದರೆ 535 ದೋಷ ಬರುತ್ತದೆ. ಅದೇ ಪಾಸ್‌ವರ್ಡಿನಿಂದ ಜಿಮೇಲ್ ತೆರೆಯುತ್ತದೆ.
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಆ ಕೋಡ್ 2022ಕ್ಕಿಂತ ಹಿಂದಿನದಿರಬೇಕು. ಸಾಮಾನ್ಯ ಪಾಸ್‌ವರ್ಡ್ ಮಾತ್ರ ಕೊಟ್ಟು ಹೊರಗಿನ ಪ್ರೋಗ್ರಾಮುಗಳು ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಪ್ರವೇಶಿಸುವ ಸೌಲಭ್ಯವನ್ನು ಗೂಗಲ್ ಆ ವರ್ಷದ ಮೇ 30ರಿಂದ ಹಿಂತೆಗೆದುಕೊಂಡಿತು. ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆದು ಅದನ್ನು ಬಳಸಿ. ಅದನ್ನು ಕೋಡಿನೊಳಗೆ ಬರೆದು, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣಕ್ಕೆ ಹಾಕಬೇಡಿ. ಪ್ರತ್ಯೇಕ ಸೆಟ್ಟಿಂಗ್ ಕಡತದಲ್ಲಿರಲಿ. ದಿನಕ್ಕೆ 500 ಇಮೇಲುಗಳ ಮಿತಿಯೂ ಇದೆ, ಪ್ರಾಜೆಕ್ಟಿಗೆ ಅಷ್ಟು ಸಾಕು.

ಪ್ರಶ್ನೆ: ನಮ್ಮ ತರಬೇತಿ ಕೇಂದ್ರದ ಜಾಲತಾಣದಲ್ಲಿ ನೋಂದಣಿ ಮಾಡುವವರಿಗೆ ಒಟಿಪಿ ಇಮೇಲಿನಲ್ಲಿ ಹೋಗುತ್ತದೆ. ಕೆಲವು ಕಾಲೇಜು ವಿಳಾಸಗಳಿಗೆ ಮಾತ್ರ ‘451, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಎಂದು ಬರುತ್ತದೆ. ವಿಳಾಸ ತಪ್ಪೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ವಿಳಾಸ ಸರಿಯಾಗಿಯೇ ಇರಬಹುದು. 4ರಿಂದ ಆರಂಭವಾಗುವ ಸಂಖ್ಯೆ ತಾತ್ಕಾಲಿಕ ನಿರಾಕರಣೆ, 5ರಿಂದ ಆರಂಭವಾಗುವುದು ಶಾಶ್ವತ. ಅಪರಿಚಿತ ಸರ್ವರಿನಿಂದ ಮೊದಲ ಸಲ ಬಂದ ಇಮೇಲನ್ನು ಬೇಕೆಂದೇ ಹಿಂದಕ್ಕೆ ಕಳುಹಿಸಿ, ಮತ್ತೆ ಬಂದರೆ ಮಾತ್ರ ಒಪ್ಪಿಕೊಳ್ಳುವ ಗ್ರೇಲಿಸ್ಟಿಂಗ್ ಎಂಬ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ, ಏಕೆಂದರೆ ಸ್ಪ್ಯಾಮ್ ಕಳುಹಿಸುವ ಅನೇಕ ಪ್ರೋಗ್ರಾಮುಗಳು ಎರಡನೆಯ ಸಲ ಬರುವುದಿಲ್ಲ. ಪೋಸ್ಟ್‌ಫಿಕ್ಸ್‌ನಂತಹ ಇಮೇಲ್ ಸರ್ವರು ಇಂಥ ಸಂದೇಶವನ್ನು ಸರದಿಯಲ್ಲಿಟ್ಟು 5 ದಿನಗಳವರೆಗೆ ತಾನಾಗಿಯೇ ಯತ್ನಿಸುತ್ತದೆ. ನಿಮ್ಮ ಕೋಡ್ ನೇರವಾಗಿ ಸ್ವೀಕರಿಸುವವರ ಸರ್ವರಿಗೇ ಹೋಗಿ, ಒಂದು ಸಲ 451 ಬಂದೊಡನೆ ಕೈಬಿಡುತ್ತಿರುವಂತೆ ತೋರುತ್ತದೆ. ನಡುವೆ ಒಂದು ಇಮೇಲ್ ಸರ್ವರನ್ನೋ ಸೇವೆಯನ್ನೋ ಇರಿಸಿಕೊಳ್ಳಿ.

ಇದೇ ಬಗೆಯ ತೊಂದರೆಯನ್ನು ಪರಿಹರಿಸಲು ಹಿಂದೊಮ್ಮೆ ಒಂದು ಸಂಸ್ಥೆಯವರು ನನ್ನನ್ನು ಕರೆಸಿದ್ದರು. ಲಾಗ್‌ನಲ್ಲಿ ಏನೂ ಇರಲಿಲ್ಲ. ಎರಡು ದಿನ ಡಿಎನ್‌ಎಸ್ ಹುಡುಕಿದ ಮೇಲೆ ಕೋಡನ್ನು ತೆರೆದರೆ, ಇಮೇಲ್ ಕಳುಹಿಸುವ ಸಾಲಿನ ಕೆಳಗೆ, ದೋಷ ಬಂದಾಗ ಏನು ಮಾಡಬೇಕೆಂದು ಹೇಳುವ ‘ಕ್ಯಾಚ್’ ಭಾಗ ಖಾಲಿ ಇತ್ತು. ಸರ್ವರು ಪ್ರತಿ ಸಲವೂ ಕಾರಣ ಹೇಳುತ್ತಿತ್ತು. ಆ ಎರಡು ಖಾಲಿ ಪುಷ್ಪಾವರಣಗಳ ನಡುವೆ ಅದು ಬಿದ್ದುಹೋಗುತ್ತಿತ್ತು. ನಿಮ್ಮ ಕೋಡಿನಲ್ಲಿಯೂ ಆ ಭಾಗವನ್ನು ನೋಡಿಸಿ, ದೋಷದ ಪೂರ್ಣ ಪಠ್ಯ, ವೇಳೆ ಮತ್ತು ಪಡೆಯುವವರ ಡೊಮೈನ್ ಲಾಗ್‌ಗೆ ಹೋಗುವಂತೆ ಮಾಡಿಸಿ. 550 ಬಂದು, ಅಂಥ ಪೆಟ್ಟಿಗೆಯೇ ಇಲ್ಲವೆಂದು ಅದರ ಪಠ್ಯ ಹೇಳಿದರೆ ಮತ್ತೆ ಮತ್ತೆ ಯತ್ನಿಸಬೇಡಿ. ಇಲ್ಲದ ಪೆಟ್ಟಿಗೆಗಳಿಗೆ ಪದೇ ಪದೇ ಕಳುಹಿಸುವ ಸರ್ವರಿನ ಹೆಸರು ಕೆಡುತ್ತದೆ. ಒಟಿಪಿಯ ಅವಧಿ 5 ನಿಮಿಷವಿದ್ದರೆ ಅದನ್ನು 30 ನಿಮಿಷಕ್ಕೆ ಏರಿಸಿ, ಏಕೆಂದರೆ ಗ್ರೇಲಿಸ್ಟಿಂಗ್ ದಾಟಿ ಬರುವ ಇಮೇಲ್ ಹತ್ತು ಹದಿನೈದು ನಿಮಿಷ ತಡವಾಗುವುದು ಸಾಮಾನ್ಯ.